ಸನತ್‌ನಗರದ ವೈನಿ ಸಾಫ್ಟ್‌ವೇರಿಗೆ ಹೋದದ್ದು

ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟವನು. ಅಲ್ಲಿಂದ ಒಂದು ಕಡೆ ಕಾಲೂರಿ ನಿಂತದ್ದಿಲ್ಲ. ಲಾರಿ ಕ್ಲೀನರ್ ಆದೆ, ಸನತ್‌ನಗರದ ಕಾರ್ಖಾನೆಯಲ್ಲಿ ಲೇತ್ ಮಷೀನಿಗೆ ಎಣ್ಣೆ ಹಾಕಿದೆ, ಕೋಠಿಯ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಮಾರಿದೆ. ಎಲ್ಲಿ ಹೋದರೂ ಈಗ ಹೇಳಹೊರಟಂಥ ಪ್ರಸಂಗಗಳು ನನಗಿಂತ ಮೊದಲೇ ಬಂದು ಕೂತಿರುತ್ತವೆ. ಈಗ ನಾರಾಯಣಗೂಡದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿದ್ದೇನೆ. ಬೀಗ ತೆಗೆಯುವುದರಿಂದ ಹಿಡಿದು ಚಹಾ ಕೊಡುವವರೆಗೆ ಎಲ್ಲ ನಾನೇ. ಎರಡು ವರ್ಷವಾದರೂ ಬಿಟ್ಟಿಲ್ಲ. ಯಾಕೆ ಬಿಟ್ಟಿಲ್ಲ ಅನ್ನುವುದು ಮುಂದೆ ತಿಳಿಯುತ್ತದೆ.

೧. ಕರೆಯಲು ಹೋದದ್ದು

ಕ್ಲಾಸಿನ ಸರ್ ಹೆಣ್ಣುಮಕ್ಕಳಿಗೆಂದೇ ಸಾಫ್ಟ್‌ವೇರ್ ಟೆಸ್ಟಿಂಗಿನ ಒಂದು ಬ್ಯಾಚ್ ತೆಗೆದರು. ಕರಪತ್ರ ಹಂಚಲು ನನ್ನನ್ನು ಅಟ್ಟಿದರು. ನಾನು ಸೀದಾ ಸನತ್‌ನಗರಕ್ಕೆ, ನನ್ನ ಹಳೇ ಲೇತ್ ಗೆಳೆಯನ ಓಣಿಗೆ ಹೋದೆ. ಕಲಬುರಗಿ ಕಡೆಯಿಂದ ಈ ತೆಲುಗು ಊರಿಗೆ ದುಡಿಯಲು ಬಂದ ಮಂದಿಯೇ ಹೆಚ್ಚು ಇರುವ ಓಣಿ. ಕಟ್ಟೆಯ ಮೇಲೆ ಕೂತ ಹಿರಿಯರೊಬ್ಬರು ಕರಪತ್ರವನ್ನು ಹಿಂದೆ ಮುಂದೆ ತಿರುವಿ ನೋಡಿ, ನೀನು ಎಷ್ಟು ಕಲಿತಿದ್ದೀ ಅಂತ ಕೇಳಿದರು. ಏಳನೇ ಇಯತ್ತೆಗೆ ಸಾಲಿ ಬಿಟ್ಟೀನ್ರಿ ಅಂದೆ. ಕಟ್ಟೆಯೆಲ್ಲ ನಕ್ಕಿತು. ತಾನೇ ಕಲಿಯದವನು ಮಂದಿಗೆ ಕಲೀರಿ ಅಂತ ಹೇಳಾಕ ಬಂದಾನ ಅಂತ ಅವರ ಮಾತು.

ಆಗ ಹೊಲಿಗೆ ಮಷೀನ್ ನಿಲ್ಲಿಸಿ ಬಾಗಿಲಿಗೆ ಬಂದವರು ಗೆಳೆಯನ ಹೆಂಡತಿ, ನಾನು ವೈನಿ, ಅಂದರೆ ಅತ್ತಿಗೆ, ಅನ್ನುವವರು. ಬಿ.ಎಸ್ಸಿ. ಮುಗಿಸಿಯೂ ಹತ್ತು ವರ್ಷ ಆ ಮಷೀನೇ ತುಳಿದವರು. "ಬಸ್ ಸ್ಟ್ಯಾಂಡಿನ್ಯಾಗ ಊರ ಹೆಸರು ಒದರಾಂವ ತಾನೂ ಬಸ್ ಏರತಾನೇನ್ರಿ, ಕಾಕಾ? ಆ ಕಾಗದ ಇತ್ತ ಕೊಡ್ರಿ."

೨. ಹಿಂದಿನ ಬೆಂಚು

ವೈನಿಯನ್ನು ಅವರ ಅತ್ತೆ ಒಂದು ಕರಾರಿನ ಮೇಲೆ ಕಳಿಸಿದರು. ದಸರಾದೊಳಗೆ ನೌಕರಿ ಸಿಕ್ಕರೆ ಹೋಗಬಹುದು. ಸಿಗದಿದ್ದರೆ ಸರ್ಟಿಫಿಕೇಟ್ ಟ್ರಂಕಿಗೆ, ಸೊಸೆ ಮತ್ತೆ ಹೊಲಿಗೆ ಮಷೀನಿಗೆ. ಮತ್ತೆ ಆ ಮಾತು ಮನೆಯಲ್ಲಿ ಎತ್ತಬಾರದು.

ಮೊದಲ ದಿನ ಕಲಿಯಲು ಬಂದವರಿಗಿಂತ ಅವರನ್ನು ಕಾಯಲು ಬಂದವರೇ ಹೆಚ್ಚಾದರು. ಅಪ್ಪ, ಅಣ್ಣ, ಮೈದುನ ಎಲ್ಲರೂ ಇದ್ದರು. ಸರ್ ನನಗೆ ಕಣ್ಣು ಹೊಡೆದರು. ಹೊರಗೆ ಇರಾನಿ ಚಹಾ ಐತಿ ಬರ್ರಿ ಅಂತ ನಾನು ಗಂಡಸರನ್ನೆಲ್ಲ ಎಬ್ಬಿಸಿಕೊಂಡು ಹೋದೆ. ಹಿಂದಿನ ಬೆಂಚಿನಿಂದ ಏಳದವರು ವೈನಿಯ ಅತ್ತೆ ಒಬ್ಬರೇ. ಕೊನೆಯವರೆಗೂ ಏಳಲಿಲ್ಲ. ವೈನಿ ಜ್ವರ ಬಂದು ಎರಡು ದಿನ ತಪ್ಪಿಸಿದರೂ ಅವರು ತಪ್ಪಿಸಲಿಲ್ಲ.

ಕಲಿಸುವ ಹುಡುಗಿ ಟೆಸ್ಟಿಂಗ್ ಅಂದರೇನು ಅಂತ ವಿವರಿಸಿದಳು. ಬೇರೆಯವರು ಮಾಡಿಟ್ಟದ್ದರಲ್ಲಿ ಎಲ್ಲೆಲ್ಲಿ ತಪ್ಪಿದೆ ಅಂತ ಹುಡುಕಿ ಹುಡುಕಿ ತೆಗೆಯುವುದು. ನಾನು ಹಿಂದಿನ ಬೆಂಚಿಗೆ ಕನ್ನಡದಲ್ಲಿ ತಿಳಿಸಿದೆ. ಅತ್ತೆ ಕೇಳಿಸಿಕೊಂಡು ಬೇಸರದಿಂದ ಅಂದರು: "ಇಷ್ಟಕ್ಕ ನಾರಾಯಣಗೂಡದ ತನಕ ಯಾಕ ಬರಬೇಕಿತ್ತೋ ತಮ್ಮಾ. ಮನ್ಯಾಗ ನಾನು ಹತ್ತು ವರ್ಷದಿಂದ ಇದನ್ನ ಮಾಡಾಕತ್ತೀನಿ."

೩. ನನ್ನ ಇಂಟರ್‌ವ್ಯೂ

ಮೊದಲ ಇಂಟರ್‌ವ್ಯೂಗೆ ವೈನಿಯನ್ನು ಸ್ಕೂಟರಿನಲ್ಲಿ ಕರೆದೊಯ್ದೆ. ಗಾಜಿನ ದೊಡ್ಡ ಕಟ್ಟಡ. ಗೇಟಿನವನು ನನ್ನ ಕೊರಳಿಗೆ ಬಿಲ್ಲೆ ಹಾಕಿ, ಮೇಡಂ ಇಲ್ಲೇ ಕೂಡಲಿ ಅಂದ. ನಾನು ಬಾಯಿ ತೆಗೆಯುವುದರೊಳಗೆ ಲಿಫ್ಟು ನಾಲ್ಕನೇ ಮಹಡಿಯಲ್ಲಿತ್ತು. ತಣ್ಣನೆಯ ಕೋಣೆ, ಕೈಗೆ ಕಾಫಿ. ಸಾಹೇಬರೊಬ್ಬರು ಹಿಂದಿಯಲ್ಲಿ ನಿಮ್ಮ ಬಗ್ಗೆ ಹೇಳಿ ಅಂದರು. ಕೇಳಿದಾಗ ಹೇಳಬೇಕಲ್ಲ, ಲಾರಿಯಿಂದ ಶುರು ಮಾಡಿದೆ. ಅವರು ತಲೆಯಾಡಿಸಿದರು. ನಡುವೆ ಎಲ್ಲಾದರೂ ಕೆಲಸ ಬಿಟ್ಟ ಅವಧಿ ಇದೆಯಾ ಅಂತ ಕೇಳಿದಾಗ, ಸಾಹೇಬ್ರ, ನನ್ನದು ಬಿಟ್ಟ ಅವಧಿನೇ ಹೆಚ್ಚು, ನಡುನಡುವೆ ಕೆಲಸ ಅಂತ ಒಪ್ಪಿಕೊಂಡೆ.

ನೌಕರಿ ಬೇಕಾದದ್ದು ನನಗಲ್ಲ ಅಂತ ಗೊತ್ತಾಗಿ ವೈನಿಯನ್ನು ಮೇಲೆ ಕರೆಸುವಷ್ಟರಲ್ಲಿ ಹತ್ತೇ ನಿಮಿಷ ಉಳಿದಿತ್ತು. ಹತ್ತು ವರ್ಷ ಮನೆಯಲ್ಲಿದ್ದಿರಿ, ಮದುವೆಯಾಗಿದೆ, ಕಷ್ಟ ಅಂತ ಕಳಿಸಿಬಿಟ್ಟರು. ವೈನಿ ಮನೆ ಮುಂದೆ ಇಳಿದು ಕೇಳಿದರು: "ನಿಮಗೇನಂದ್ರು?"

ತಲೆ ತಗ್ಗಿಸಿ ಹೇಳಿದೆ, "ತಿಳಿಸ್ತೀವಿ ಅಂದಾರ್ರಿ."

೪. ಹೇಳಲಾಗದ್ದು

ದಸರಾಕ್ಕೆ ಒಂದು ವಾರವಿತ್ತು. ಒಂದು ಸಣ್ಣ ಕಂಪನಿಯವರು ನಮ್ಮ ಕ್ಲಾಸಿಗೇ ಬಂದು ಪರೀಕ್ಷೆ ಇಟ್ಟರು. ಇದು ತಪ್ಪಿದರೆ ಮುಗಿಯಿತು ಅಂತ ವೈನಿಗೂ ಗೊತ್ತು, ಹಿಂದಿನ ಬೆಂಚಿನಲ್ಲಿದ್ದ ಅತ್ತೆಗೂ ಗೊತ್ತು.

ಕಂಪ್ಯೂಟರಿನಲ್ಲಿ ಒಂದು ವಿಮೆಯ ಅರ್ಜಿ. ತುಂಬುತ್ತಾ, ಮಾಡಿದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಹೋಗಬೇಕು, ತಪ್ಪು ಕಂಡರೆ ತೋರಿಸಬೇಕು. ವೈನಿಗಿಂತ ಮುಂಚೆ ಕೂತವರೆಲ್ಲ ಕಾಲೇಜು ಮುಗಿಸಿದ ಎಳೆಯರು. ಮದುವೆಯಾಗಿಲ್ಲ ಅಂತ ಒತ್ತಿ ಮುಂದೆ ಹೋದರು. ವೈನಿ ಆಗಿದೆ ಅಂತ ಒತ್ತಿದರು. ತಟ್ಟನೆ ಹೊಸದೊಂದು ಚೌಕ ಮೂಡಿತು. ಗಂಡನ ಹೆಸರು.

ವೈನಿ ಕೀಲಿಮಣೆಯಿಂದ ಕೈ ಹಿಂದೆ ತೆಗೆದರು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವ ರೂಢಿಯಿಲ್ಲ, ಅದರಲ್ಲೂ ಅತ್ತೆ ಎದುರಿಗಿದ್ದಾಗ. ಕಂಪನಿಯ ಮೇಡಂ ಹೇಳಿ, ಹೇಳಿ ಅನ್ನುತ್ತಿದ್ದಾರೆ. ವೈನಿ ಹಿಂದೆ ತಿರುಗಿ ನೋಡಿದರು. ಅತ್ತೆ ಸೆರಗು ಸರಿಮಾಡಿಕೊಂಡು ಫ್ಯಾನ್ ನೋಡತೊಡಗಿದರು. ವೈನಿ ಆ ಚೌಕ ಖಾಲಿ ಬಿಟ್ಟು ಕೊನೆಯ ಗುಂಡಿ ಒತ್ತಿದರು.

ಪರದೆಯೆಲ್ಲ ಬೆಳ್ಳಗಾಯಿತು. ತುಂಬಿದ್ದೆಲ್ಲ ಮಾಯ. ನಾನು ಓಡಿಹೋಗಿ ಪ್ಲಗ್ ನೋಡಿದೆ. ತಮ್ಮಿಂದಲೇ ಕೆಟ್ಟಿತೇನೋ ಅಂತ ವೈನಿ ಎದ್ದು ನಿಂತರು. ಮೇಡಂ ಮಾತ್ರ ಇನ್ನೊಮ್ಮೆ ಮಾಡಿ ಅಂದರು. ಮತ್ತೆ ಬೆಳ್ಳಗೆ. ಮೂರನೇ ಸಲವೂ ಬೆಳ್ಳಗಾದಾಗ ಮೇಡಂ ಮೇಜು ತಟ್ಟಿ ನಕ್ಕರು. ಅರ್ಜಿ ಮಾಯವಾಗುತ್ತದೆ ಅಂತ ಒಂದು ತಿಂಗಳಿಂದ ಗಿರಾಕಿಗಳು ಬೈಯುತ್ತಿದ್ದರಂತೆ. ಎಲ್ಲಿ ಕೆಡುತ್ತಿದೆ ಅಂತ ಆಫೀಸಿನಲ್ಲಿ ಯಾರಿಗೂ ಸಿಕ್ಕಿರಲಿಲ್ಲವಂತೆ.

ಆ ಚೌಕ ಖಾಲಿ ಬಿಡಬೇಕು ಅಂತ ಹೇಗೆ ಹೊಳೆಯಿತು ಅಂತ ಅವರು ಕೇಳಿದರು. ಬಾಯಿಬಿಟ್ಟು ಹೇಳಿ ಅಂದಿರಲ್ಲ, ಅದೊಂದನ್ನು ಹೇಳಲಾಗಲಿಲ್ಲ ಅಂತ ವೈನಿ ಇದ್ದದ್ದು ಇದ್ದ ಹಾಗೆ ಹೇಳಿದರು. ಅಲ್ಲೇ ನೌಕರಿ ಆಯಿತು.

ಈಗ ಆ ಆಫೀಸಿನಲ್ಲಿ ಏನೇ ಹೊಸದು ತಯಾರಾದರೂ ಮೊದಲು ವೈನಿಯ ಮುಂದೆ ಬರುತ್ತದೆ. ಮದುವೆಯಾದವರು ಇನ್ನೂ ಇದ್ದರೆ ಕಳಿಸಿ ಅಂತ ಮೇಡಂ ಕೇಳಿದ್ದಕ್ಕೆ ನಮ್ಮ ಸರ್ ಎರಡನೇ ಬ್ಯಾಚ್ ತೆಗೆದಿದ್ದಾರೆ. ಕಟ್ಟೆಯ ಕಾಕಾ ತಮ್ಮ ಸೊಸೆಯನ್ನು ತಾವೇ ಕರೆತಂದು ಸೇರಿಸಿದರು. ಇಂಥದ್ದೆಲ್ಲ ಕಣ್ಣಾರೆ ನೋಡಲು ಸಿಗುವ ಕೆಲಸವನ್ನು ನಾನಾದರೂ ಹೇಗೆ ಬಿಡಲಿ?

ನನ್ನ ಗೆಳೆಯ ಮಾತ್ರ ಲೇತ್ ಮಷೀನಿನ ಪಕ್ಕ ಎದೆಯುಬ್ಬಿಸಿ ನಿಂತು, ಬಂದವರಿಗೆಲ್ಲ ಹೇಳುತ್ತಾನೆ: "ಅಕಿಗೆ ನೌಕರಿ ಸಿಕ್ಕಿದ್ದು ನನ್ನ ಹೆಸರಿನ ಮ್ಯಾಲೇ."