ಸರಪಳಿ ಕಟ್ಟಿದ ಕ್ಯಾಮೆರಾ ಮತ್ತು ಕಂಬದ ಹಿಂದಿನ ಗುಡ್ಡದ ಬಗ್ಗೆ

ಮಾನ್ಯರೇ,

ಮುಖ್ಯರಸ್ತೆಯ ತಿರುವಿನ ಕ್ಯಾಮೆರಾ ಅಂಗಡಿಯ ಮಾಲೀಕರೂ ಸಹನೆಯ ಸಾಕಾರಮೂರ್ತಿಗಳೂ ಆದ ತಮಗೆ, ಭೂಮಾಪನ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ನಕ್ಷೆ ಬರೆದ, ತಾವು ಪ್ರೀತಿಯಿಂದ ‘ನಕ್ಷೆ ಅಕ್ಕ’ ಎಂದು ಕರೆಯುವ ನನ್ನ ಅನಂತ ನಮಸ್ಕಾರಗಳು. ತಾವೂ, ಗಲ್ಲಾಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿ ಕೂರುವ ತಮ್ಮ ಅತ್ತೆಯವರೂ ಕ್ಷೇಮವೆಂದು ನಂಬಿದ್ದೇನೆ. ಇದನ್ನು ಲಕೋಟೆಯಲ್ಲಿ ಹಾಕಿ ಗುಟ್ಟಾಗಿ ಕಳಿಸಬಹುದಿತ್ತು. ಆದರೆ ನನ್ನ ಕೆಲಸವನ್ನು ತಾವು ಬೀದಿಗೆ ಮುಖ ಮಾಡಿದ ಗಾಜಿನ ಕಿಟಕಿಯಲ್ಲಿ ಇಟ್ಟಿರುವಾಗ, ನನ್ನ ಕೃತಜ್ಞತೆಯನ್ನೂ ಬೀದಿಯಲ್ಲೇ ಸಲ್ಲಿಸುವುದು ಮರ್ಯಾದೆ ಎನಿಸಿತು.

ನನ್ನ ಕಸುಬು ಏರುತಗ್ಗುಗಳನ್ನು ಗೆರೆಗಳ ಸುರುಳಿಯಾಗಿ ಕಾಗದಕ್ಕೆ ಇಳಿಸುವುದು. ರೈಲು ಹಳಿಯಾಚೆಯ ಗುಡ್ಡವನ್ನು ಎಷ್ಟು ಸಲ ಬರೆದಿದ್ದೇನೆಂದರೆ, ಅದರ ಹದಿಮೂರು ಗೆರೆಗಳನ್ನು ಕಣ್ಣು ಮುಚ್ಚಿಕೊಂಡು ಒಂದರೊಳಗೊಂದು ಹಾಕಬಲ್ಲೆ. ಆದರೆ ಹೆಬ್ಬೆಟ್ಟಿನ ಗುರುತಿನಂತಿರುವ ಆ ಆಕೃತಿಯನ್ನು ತೋರಿಸಿ ಎಷ್ಟು ಚಂದದ ಗುಡ್ಡ ನೋಡಿ ಎಂದರೆ ಯಾರು ಒಪ್ಪುತ್ತಾರೆ? ಈ ವರ್ಷ ಕಚೇರಿಗೆ ನಕ್ಷೆ ಬರೆಯುವ ಯಂತ್ರ ಬಂತು. ನನ್ನನ್ನು ಟಪಾಲು ವಿಭಾಗಕ್ಕೆ ಹಾಕುವರೆಂದು ಸುದ್ದಿಯಾಯಿತು. ಗುಡ್ಡ ಕೈತಪ್ಪುವ ಮೊದಲು ಅದರ ಮುಖವನ್ನೊಮ್ಮೆ ಹಿಡಿದಿಡಬೇಕೆಂದು ಫೋನಿನಲ್ಲಿ ತೆಗೆದು ನೋಡಿದರೆ, ಗುಡ್ಡ ಸೊಳ್ಳೆ ಕಚ್ಚಿದ ಗುಳ್ಳೆಯಷ್ಟಾಗಿ, ಮುಂದಿನ ತಗಡಿನ ಚಾವಣಿ ಸಾಮ್ರಾಜ್ಯದಷ್ಟಾಗಿ ಬಂತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ನಮ್ಮ ಯಜಮಾನರು ಫೋಟೋ ನೋಡಿ, ಗುಡ್ಡವೇನೂ ಓಡಿಹೋಗುವುದಿಲ್ಲವಲ್ಲ, ಕ್ಯಾಮೆರಾಕ್ಕೆ ಯಾಕೆ ಅವಸರ ಎಂದರು. ಹಾಗಾಗಿ ಅವಸರದಲ್ಲೇ ತಮ್ಮ ಅಂಗಡಿಗೆ ಬಂದೆ.

ಕೈಚೀಲದಲ್ಲಿ ಹಿಡಿಸುವ, ಅಗಲವಾಗಿ ನೋಡುವ, ನನ್ನ ಸಂಬಳಕ್ಕೆ ಹೆದರದ ಒಂದು ಪುಟ್ಟ ಕ್ಯಾಮೆರಾ ಬೇಕೆಂದು ನಾನು ಕೇಳಿದ್ದು ಇಷ್ಟೇ. ತಾವು ಮಹಾ ಉದಾರಿಗಳು. ನೀರಿನೊಳಗೆ ಮುಳುಗಿ ಮೀನು ಹಿಡಿಯುವ ಕ್ಯಾಮೆರಾವನ್ನೂ, ಚಂದ್ರನ ಮೊಡವೆ ಎಣಿಸುವ ಜೂಮಿನ ಕ್ಯಾಮೆರಾವನ್ನೂ ಮೇಜಿನ ಮೇಲೆ ಹರಡಿದಿರಿ. ಕಡಿಮೆ ಬೆಲೆಯದೊಂದು, ಗುಡ್ಡದ ಕಡೆ ತಿರುಗಿಸಿದಾಗಲೆಲ್ಲ ಎದುರಿನ ಕ್ಷೌರದಂಗಡಿಯ ಫಲಕದ ಮೇಲಿದ್ದ ಮೀಸೆಯವನ ಮುಖಕ್ಕೆ ಹಳದಿ ಚೌಕ ಕಟ್ಟಿ, ನಗಿ ಎಂದು ಅವನಿಗೆ ಸೂಚನೆ ಕೊಡುತ್ತಿತ್ತು. ಕೊನೆಗೆ, ಮೇಜಿನ ಮೂಲೆಗೆ ಸರಪಳಿಯಿಂದ ಬಿಗಿದಿದ್ದ ಬೂದು ಬಣ್ಣದ ಸ್ಯಾಂಪಲ್ ಕ್ಯಾಮೆರಾ ಕೈಗೆ ಸಿಕ್ಕಿತು. ಅದು ಯಾರಿಗೂ ನಗಲು ಹೇಳಲಿಲ್ಲ. ನನಗೆ ಹಿಡಿಸಿತು. ಸ್ವಲ್ಪ ಯೋಚಿಸಿ ಬರುತ್ತೇನೆ ಎಂದು ಹೇಳಿ ಏಳು ತಿಂಗಳು ಯೋಚಿಸಿದೆ.

ಆ ಏಳು ತಿಂಗಳ ಪ್ರತಿ ಶನಿವಾರ, ಅರ್ಧ ದಿನದ ಕೆಲಸ ಮುಗಿಸಿ ನೇರ ತಮ್ಮಲ್ಲಿಗೆ ಬಂದು, ಸರಪಳಿ ಎಳೆದಷ್ಟೂ ಎಳೆದು, ಹೊಸ್ತಿಲಲ್ಲಿ ನಿಂತು ಗುಡ್ಡದ ಚಿತ್ರ ತೆಗೆದದ್ದನ್ನು ನಾನು ಅಲ್ಲಗಳೆಯುವುದಿಲ್ಲ. ತಾವು ಒಮ್ಮೆಯೂ ಮುಖ ಸಿಂಡರಿಸಲಿಲ್ಲ. ಗಿರಾಕಿಗಳು ನನ್ನ ಸರಪಳಿ ದಾಟಿ ಬರುವಾಗ ಎಡವದಿರಲೆಂದು ಎಚ್ಚರಿಕೆಯ ಚೀಟಿ ಕೂಡ ಅಂಟಿಸಿದಿರಿ. ಆ ಹೊಸ್ತಿಲಲ್ಲೇ ನಾನು, ಗುಡ್ಡಕ್ಕೆ ಅಡ್ಡ ನಿಂತ ವಿದ್ಯುತ್ ಕಂಬವನ್ನು ತಪ್ಪಿಸಲು ಬಾಗಿಲ ಚೌಕಟ್ಟಿಗೆ ಭುಜ ಒತ್ತಿ, ಉಸಿರು ಬಿಗಿಹಿಡಿದು ಗುಂಡಿ ಒತ್ತುವುದನ್ನು ಕಲಿತೆ. ಆಕಾಶ ಬೆಳ್ಳಗೆ ಸುಟ್ಟುಹೋದರೆ ಬೆಳಕು ಒಂದು ಮೆಟ್ಟಿಲು ಇಳಿಸಬೇಕು, ಮೋಡದ ನೆರಳು ಅರ್ಧ ಗುಡ್ಡ ದಾಟುವವರೆಗೆ ಸುಮ್ಮನೆ ಕಾಯಬೇಕು ಎಂಬುದನ್ನೂ ಕಲಿತೆ. ಇಪ್ಪತ್ತೆರಡು ವರ್ಷ ಗೆರೆಯಾಗಿದ್ದ ಗುಡ್ಡ ಒಂದು ವಾರ ನೀಲಿಯಾಗಿ, ಒಂದು ವಾರ ಕಂದಾಗಿ, ಮಳೆ ಬಿಟ್ಟ ಮಾರನೆಯ ದಿನ ಕೈಗೆಟುಕುವಷ್ಟು ಹತ್ತಿರ ಬಂದು ನಿಲ್ಲುತ್ತಿತ್ತು. ಒಂದು ದಿನ ತಮ್ಮ ಅತ್ತೆಯವರು ತಮ್ಮನ್ನು ಕರೆದು ಕೇಳಿದ್ದು ನೆನಪಿರಬಹುದು: “ಅವಳು ವಾರವಾರ ಬಂದು ನೋಡ್ತಾಳೆ. ಅಂಗಡಿ ಇಟ್ಟು ಇಷ್ಟು ವರ್ಷ ಆಯ್ತು, ನೀವು ಒಂದಿನಾನಾದ್ರೂ ಅದನ್ನ ನೋಡಿದೀರಾ?” ತಾವು ಅಂದು ಹೊರಗೆ ಬಂದು ನೋಡಿದಿರಿ. ನನ್ನ ದುರದೃಷ್ಟ ಶುರುವಾದದ್ದು ಅಲ್ಲಿಂದಲೇ.

ಮುಂದಿನ ಶನಿವಾರ ಬರುವಷ್ಟರಲ್ಲಿ ಸ್ಯಾಂಪಲ್ ಕ್ಯಾಮೆರಾದ ಹೊಟ್ಟೆಯಿಂದ ನನ್ನ ಎಂಟು ಚಿತ್ರಗಳನ್ನು ತೆಗೆದು, ಬಾಗಿಲಗಲ ಮಾಡಿಸಿ, ಕಿಟಕಿಯಲ್ಲಿ ತೂಗುಹಾಕಿದ್ದಿರಿ. ಕೆಳಗೆ ‘ಈ ಚಿತ್ರಗಳನ್ನು ತೆಗೆದದ್ದು ಈ ಕ್ಯಾಮೆರಾ’ ಎಂದು ದಪ್ಪಕ್ಷರ. ಕ್ಯಾಮೆರಾ ತಾನಾಗಿಯೇ ಸರಪಳಿ ಎಳೆದುಕೊಂಡು ಹೊಸ್ತಿಲಿಗೆ ನಡೆದು, ಉಸಿರು ಬಿಗಿಹಿಡಿದದ್ದನ್ನು ಊರು ನಂಬಿತು. ಜನ ಗಾಜಿಗೆ ಮೂಗೊತ್ತಿ ನಿಂತರು. ಎದುರಿನ ಕ್ಷೌರಿಕರು ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟುಬಂದು, ಕ್ಷೌರದಂಗಡಿಯ ಚಾವಣಿ ಇಷ್ಟು ಚಂದವೆಂದು ಗೊತ್ತಿರಲಿಲ್ಲ ಎಂದರು. ನಾನೂ ಗುಂಪಿನಲ್ಲಿ ನಿಂತು, ಕುತ್ತಿಗೆ ಉದ್ದ ಮಾಡಿ ನನ್ನದೇ ಗುಡ್ಡವನ್ನು ನೋಡಿದೆ. ಕೋಪ ಬರಬೇಕಿತ್ತು; ಬಂದದ್ದು ಹೆಮ್ಮೆ. ಅದಕ್ಕಾಗಿ ತಮ್ಮನ್ನು ಇನ್ನೂ ಕ್ಷಮಿಸಿಲ್ಲ.

ಆ ಹೆಮ್ಮೆಯಲ್ಲೇ ಕೊಳ್ಳುವುದೆಂದು ನಿಶ್ಚಯಿಸಿ, ಎರಡು ವಾರ ಬಿಟ್ಟು ಬಂದರೆ ತಾವು ಬಹಳ ವಿಷಾದದಿಂದ, “ಮುಗಿದುಹೋಯ್ತು ಅಕ್ಕ, ಕೊನೇದು ನಿನ್ನೆ ಹೋಯ್ತು. ಕಂಪನಿಯವರೂ ಮಾಡೋದು ನಿಲ್ಲಿಸಿಬಿಟ್ಟಿದಾರೆ” ಎಂದಿರಿ. ಸರಪಳಿಯದನ್ನೇ ಕೊಡಿ ಎಂದೆ. ಅದು ಸ್ಯಾಂಪಲ್, ಮಾರುವ ಹಾಗಿಲ್ಲ ಎಂದಿರಿ. ಮಾರಲು ಮಾಲೇ ಇಲ್ಲದ ಅಂಗಡಿಯಲ್ಲಿ ಮಾದರಿಯನ್ನು ಮಾತ್ರ ಕಾಯ್ದುಕೊಳ್ಳುವ ತಮ್ಮ ತತ್ವನಿಷ್ಠೆಗೆ ಮನಸ್ಸಿನಲ್ಲೇ ಕೈಮುಗಿದು ಹೊರಟೆ. ದಾರಿಯುದ್ದಕ್ಕೂ ಗುಡ್ಡದ ಕಡೆ ತಿರುಗಿಯೂ ನೋಡಲಿಲ್ಲ.

ಮರುವಾರದಿಂದ ಕೊಂಡವರು ಒಬ್ಬೊಬ್ಬರಾಗಿ ಜಗಳಕ್ಕೆ ಬರತೊಡಗಿದರು: ಕಿಟಕಿಯಲ್ಲಿರುವ ಗುಡ್ಡ ಅವರು ಕೊಂಡ ಕ್ಯಾಮೆರಾದಲ್ಲಿ ಬರುವುದಿಲ್ಲ, ಕಂಬ ಮಾತ್ರ ಬರುತ್ತದೆ. ತಾವು ಅವರನ್ನೆಲ್ಲ ನಯವಾಗಿ ನನ್ನ ಕಚೇರಿಗೆ ಅಟ್ಟಿದಿರಿ. ಅಷ್ಟರಲ್ಲಿ ನನ್ನನ್ನು ಹಾಕಿಯೇಬಿಟ್ಟಿದ್ದ ಟಪಾಲು ವಿಭಾಗಕ್ಕೆ ಅಷ್ಟು ಜನ ಎಂದೂ ಬಂದದ್ದಿಲ್ಲ. ಕೊನೆಗೆ ತಾವೇ ಬಂದು ನನ್ನ ಮೇಜಿನ ಮುಂದೆ ನಿಂತು, “ತಪ್ಪು ಕ್ಯಾಮೆರಾದ್ದಲ್ಲ ಅಂತ ನೀವೇ ಹೇಳ್ಬೇಕು ಅಕ್ಕ, ನನ್ನ ಮಾತು ಯಾರೂ ಕೇಳ್ತಿಲ್ಲ” ಎಂದಿರಿ. ಹಾಗಾದರೆ ಹೊಗಳಿಕೆಯೂ ಕ್ಯಾಮೆರಾದ್ದಲ್ಲ ತಾನೇ ಎಂದು ಕೇಳಿದೆ. ತಾವು ನನ್ನ ಅಂಟಿನ ಡಬ್ಬಿಯನ್ನು ಬಹಳ ಹೊತ್ತು ಪರೀಕ್ಷಿಸಿದಿರಿ. ಆಮೇಲೆ, ವಾಪಸು ಬಂದ ಮೂರರಲ್ಲಿ ಒಂದನ್ನು ‘ದೋಷವಿದೆ’ ಎಂಬ ಚೀಟಿಯೊಂದಿಗೆ, ನನ್ನ ಕೈಗೆಟುಕುವ ಬೆಲೆಗೆ ಕೊಟ್ಟಿರಿ. ಒಂದು ತಿಂಗಳಿಂದ ಹುಡುಕುತ್ತಿದ್ದೇನೆ, ದೋಷ ಇನ್ನೂ ಸಿಕ್ಕಿಲ್ಲ. ದಯವಿಟ್ಟು ಅದನ್ನು ಬೇಗ ಒದಗಿಸಿಕೊಡಬೇಕಾಗಿ ವಿನಂತಿ.

ಹೋದ ಮಂಗಳವಾರ ರಜೆ ಹಾಕಿ, ಅದನ್ನು ಕೈಚೀಲದಲ್ಲಿಟ್ಟುಕೊಂಡು, ಮೊದಲ ಬಾರಿಗೆ ಆ ಗುಡ್ಡ ಹತ್ತಿದೆ. ಯಜಮಾನರೂ ಏದುಸಿರು ಬಿಡುತ್ತ ಬಂದರು. ನಾನು ಬರೆದಿದ್ದ ಒಂದೊಂದು ಗೆರೆಯನ್ನೂ ಮಂಡಿ ಎಣಿಸಿತು. ಎಂಟನೆಯದಕ್ಕೂ ಒಂಬತ್ತನೆಯದಕ್ಕೂ ನಡುವೆ, ಯಾವ ನಕ್ಷೆಯಲ್ಲೂ ಇಲ್ಲದ ಒಂದು ಹಳ್ಳ, ಅದರ ತುಂಬ ಮೊಣಕಾಲೆತ್ತರದ ಹುಲ್ಲು ಗಾಳಿಗೆ ಮಲಗಿ ಏಳುತ್ತಿತ್ತು. ಅಳತೆಯವರಿಗೂ ಕಾಣದ್ದು, ಬರೆದವಳಿಗೂ ತಿಳಿಯದ್ದು. ಅಲ್ಲೇ ಕೂತೆ. ಚಿತ್ರ ತೆಗೆಯಬೇಕೆಂಬುದೇ ಬಹಳ ಹೊತ್ತು ನೆನಪಾಗಲಿಲ್ಲ. ಆಮೇಲೆ ಒಂದೇ ಒಂದು ತೆಗೆದೆ. ಅದನ್ನು ಯಾರ ಕಿಟಕಿಗೂ ಕೊಡುವುದಿಲ್ಲ.

ಕೊನೆಯದಾಗಿ, ವಿದ್ಯುತ್ ಕಂಬವನ್ನು ಎರಡು ಗೇಣು ಬಲಕ್ಕೆ ಸರಿಸಬೇಕೆಂದು, ಅದಾಗದಿದ್ದರೆ ಗುಡ್ಡವನ್ನಾದರೂ ಎಡಕ್ಕೆ ಸರಿಸಬೇಕೆಂದು, ಅದೂ ಆಗದಿದ್ದರೆ ಕಿಟಕಿಯ ದಪ್ಪಕ್ಷರಗಳಲ್ಲಿ ‘ಕ್ಯಾಮೆರಾ’ ಎಂಬಲ್ಲಿ ‘ಅಕ್ಕ’ ಎಂದು ತಿದ್ದಿಸಿಕೊಡಬೇಕೆಂದು ಕೋರುತ್ತೇನೆ. ಮೂರರಲ್ಲಿ ಯಾವುದು ಸುಲಭವೆಂಬುದನ್ನು ತಮ್ಮ ವಿವೇಚನೆಗೇ ಬಿಟ್ಟಿದ್ದೇನೆ.

ತಮ್ಮ ವಿಶ್ವಾಸಿ,
ಟಪಾಲು ವಿಭಾಗದ ನಕ್ಷೆಗಾರ್ತಿ

ಮರೆತ ಮಾತು: ಗುಡ್ಡದಿಂದ ಇಳಿಯುವ ಮುನ್ನ ಜೂಮ್ ಪರೀಕ್ಷಿಸಲೆಂದು ಊರಿನ ಕಡೆ ಒಂದು ಚಿತ್ರ ತೆಗೆದೆ. ಅಂದು ತಮ್ಮ ಬಾಗಿಲಲ್ಲಿ ‘ಮಾಲು ತರಲು ಹೋಗಿದ್ದಾರೆ’ ಎಂಬ ಫಲಕವಿತ್ತಂತೆ. ಚಿತ್ರದಲ್ಲಿ ತಾವು ಅಂಗಡಿಯ ತಾರಸಿಯ ಮೇಲೆ, ಖಾಲಿ ಡಬ್ಬಗಳ ನಡುವೆ, ಮುಖಕ್ಕೆ ಟವೆಲ್ ಹೊದ್ದು ಮಲಗಿರುವುದು, ಬನಿಯನ್ನಿನ ತೂತು ಸಮೇತ, ಬಹಳ ಸ್ಪಷ್ಟವಾಗಿ ಬಂದಿದೆ. ಕ್ಷೌರಿಕರು ಅದನ್ನು ಬಾಗಿಲಗಲ ಮಾಡಿಸಿ ಕ್ಷೌರದಂಗಡಿಯ ಕಿಟಕಿಯಲ್ಲಿ ತೂಗುಹಾಕಿದ್ದಾರೆ. ತೆಗೆದವರ ಹೆಸರು ಹಾಕಿದ್ದಾರೆ. ಮಲಗಿದವರದನ್ನು ಹಾಕುವ ಅಗತ್ಯ ಯಾರಿಗೂ ಕಾಣಲಿಲ್ಲ.