ಅತಿಥಿಯನ್ನು ಎಬ್ಬಿಸಿದ ಜಪಾನಿ ಹಾಡು

ಜಪಾನಿನ ಹಳೆಯ ಪಾಪ್ ಹಾಡುಗಳ ವಿಷಯದಲ್ಲಿ ಅಮೆರಿಕದ ನಮ್ಮೂರು ಸುವಾನಿಯ ಕನ್ನಡಿಗರ ಪೈಕಿ ನನ್ನನ್ನು ಮೀರಿಸುವವರಿಲ್ಲ. ಬೇರೆ ಯಾರೂ ಅವನ್ನು ಕೇಳುವುದಿಲ್ಲ ಎಂಬುದು ಅದಕ್ಕೆ ಮುಖ್ಯ ಕಾರಣ! ಲಾಕ್‌ಡೌನಿನಲ್ಲಿ ಯೂಟ್ಯೂಬ್ ತಾನಾಗಿಯೇ ಒಂದು ಹಾಡು ಹಾಕಿತು. ನಾನು ಹುಟ್ಟುವ ಮೊದಲಿನದು, ಒಂದಕ್ಷರವೂ ಅರ್ಥವಾಗದು. ಆದರೂ ಎಂದೋ ಕಳೆದುಕೊಂಡದ್ದು ಸಿಕ್ಕಂತಾಯಿತು. "ಭಾವಕ್ಕೆ ಭಾಷೆ ಬೇಡ" ಎಂದು ಕಂಡಕಂಡವರಿಗೆಲ್ಲ ಉಪನ್ಯಾಸ ಕೊಡತೊಡಗಿದೆ. ಪಕ್ಕದ ಮನೆಯ ಮಿಚಿಕೊ ಆಂಟಿಗಂತೂ, ನಿಮ್ಮ ಹಳೆಯ ಹಾಡುಗಳೆಲ್ಲ ನನಗೆ ಗೊತ್ತು ಎಂದೇ ಹೇಳಿಬಿಟ್ಟಿದ್ದೆ.

ನಮ್ಮ ಮಗಳು ಅನಘಾಳನ್ನು ಕೂಸಾಗಿದ್ದಾಗಿನಿಂದ ನೋಡಿಕೊಂಡವರು ಈ ಆಂಟಿ. ಈಗ ಮನೆ ಮಾರಿ ಜಪಾನಿಗೆ ಹಿಂತಿರುಗುವವರಿದ್ದರು. ಹೊರಡುವ ಹಿಂದಿನ ದಿನ ಮಧ್ಯಾಹ್ನ ನಮ್ಮಲ್ಲಿ ಊಟ. ಹೆಂಡತಿ ಶೈಲಾ ಬೆಳಗಿನಿಂದ ಒಬ್ಬಟ್ಟು ತಟ್ಟುತ್ತಿದ್ದಳು.

"ರೀ, ಅವರು ಹೊಟ್ಟೆ ತುಂಬ ಊಟ ಮಾಡಿ ಹೋಗ್ಬೇಕು, ಅಷ್ಟೇ. ನೀವು ಏನೂ ಹೆಲ್ಪ್ ಮಾಡ್ಬೇಡಿ!"

ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ಆಂಟಿ ಬಂದು ಸೋಫಾದ ಮೇಲೆ ಕೂತೊಡನೆ ಸ್ಪೀಕರಿನಲ್ಲಿ ನನ್ನ ಪರಮಪ್ರಿಯ ಹಾಡು ಹಾಕಿದೆ. ಅವರ ಮುಖ ಸಣ್ಣದಾಯಿತು. ಭಾವ ತಟ್ಟಿತೆಂದು ವಾಲ್ಯೂಮ್ ಏರಿಸಿದೆ. ಎದ್ದು ನಿಂತರು. ಗೌರವ! ನಾನೂ ನಿಂತೆ. ಬಾಗಿ ನಮಸ್ಕರಿಸಿದರು. ನಾನು ಇನ್ನೂ ಕೆಳಗೆ ಬಾಗಿದೆ. ತಲೆ ಎತ್ತುವಷ್ಟರಲ್ಲಿ ಅವರು ಶೂ ಹಾಕಿಕೊಳ್ಳುತ್ತಿದ್ದರು. ಮನೆಯಿಂದ ಏನನ್ನೋ ತರಲು ಹೊರಟಿದ್ದಾರೆಂದು ಭಾವಿಸಿ ಬಾಗಿಲನ್ನೂ ನಾನೇ ತೆಗೆದುಕೊಟ್ಟೆ.

ಶೈಲಾ ತಟ್ಟೆ ಹಿಡಿದು ಬಂದಳು. "ಆಂಟಿ ಎಲ್ಲಿ?"

"ಹೋದ್ರು."

"ಊಟ?"

"ನಾನು ಬರೀ ಹಾಡು ಹಾಕ್ದೆ ಕಣೆ!"

"ಅಪ್ಪಾ, ವಾಟ್ ಡಿಡ್ ಯು ಡೂ?" ಎಂದು ಅನಘಾ ಅಳತೊಡಗಿದಳು.

ಶೈಲಾ ಬರಿಗಾಲಲ್ಲೇ ಪಕ್ಕದ ಮನೆಗೆ ಓಡಿದಳು, ಹಿಂದೆ ನಾನು. ಆಂಟಿ ಸಂಕೋಚದಿಂದ ಇಂಗ್ಲಿಷಿನಲ್ಲಿ ವಿವರಿಸಿದರು. ಅವರ ಊರಿನ ದೊಡ್ಡ ಅಂಗಡಿಯಲ್ಲಿ ಬಾಗಿಲು ಹಾಕುವ ಹೊತ್ತಿಗೆ ದಿನಾ ಇದೇ ಹಾಡಂತೆ. ಕೇಳಿಸಿದರೆ ಎಲ್ಲರೂ ಸದ್ದಿಲ್ಲದೆ ಹೊರಡಬೇಕು. "ನಿಮಗೆ ನಮ್ಮ ಹಾಡೆಲ್ಲ ಗೊತ್ತಲ್ಲ. ಏನೋ ತೊಂದರೆಯಿದೆ, ನಯವಾಗಿ ಸೂಚಿಸುತ್ತಿದ್ದೀರಿ ಅಂದುಕೊಂಡೆ. ವಾಲ್ಯೂಮ್ ಹೆಚ್ಚಿಸಿದಾಗ ತುಂಬಾ ಅವಸರವಿದೆ ಅನ್ನಿಸಿತು" ಎಂದರು.

ಶೈಲಾ ನನ್ನತ್ತ ತಿರುಗಿದಳು. "ಎಲೆ ಹಾಕೋ ಮೊದ್ಲೇ ಕುಂಕುಮ ಕೊಟ್ಟು ಕಳಿಸ್ದಂಗಾಯ್ತಲ್ರೀ!"

ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ನನ್ನ ಮಗಳಿಗೆ ವರ್ಷಗಟ್ಟಲೆ ಉಣ್ಣಿಸಿದವರನ್ನು ನಾನು ಹಸಿದ ಹೊಟ್ಟೆಯಲ್ಲಿ ಎಬ್ಬಿಸಿ ಕಳಿಸಿದ್ದೆ. ಕ್ಷಮೆ ಕೇಳಲು ಬಾಗಿದೆ. ಪಾಪ, ಅವರೂ ತಿರುಗಿ ಬಾಗಿದರು.

ಶೈಲಾ ಅವರ ಕೈ ಹಿಡಿದು ಕರೆತಂದಳು. ಆಂಟಿ ಒಬ್ಬಟ್ಟನ್ನು ಕೇಳಿ ಹಾಕಿಸಿಕೊಂಡು ತಿಂದರು. ನಾನು ತಲೆ ತಗ್ಗಿಸಿ ತುಪ್ಪ ಬಡಿಸಿದೆ. ಕೊನೆಗೆ ಕುಂಕುಮ ಹಚ್ಚಿಸಿಕೊಂಡು ನನ್ನತ್ತ ನೋಡಿ ನಕ್ಕರು. "ಈಗ ಹಾಕಿ, ಆ ಹಾಡು." ಹಾಕಿದೆ. ಅನಘಾಳನ್ನು ಅಪ್ಪಿಕೊಂಡು, ಹಾಡು ಮುಗಿಯುವವರೆಗೆ ನಿಂತು, ಕಣ್ಣೊರೆಸಿಕೊಂಡು ಹೊರಟರು. ಅಂದು ಭಾವದ ಬಗ್ಗೆ ನಾನು ಉಪನ್ಯಾಸ ಕೊಡಲಿಲ್ಲ.

ಆ ಹಾಡನ್ನು ಕೇಳುವುದನ್ನು ಮಾತ್ರ ಇನ್ನೂ ಬಿಟ್ಟಿಲ್ಲ, ಬಿಡಲಾಗುವುದೂ ಇಲ್ಲ. ಈಗ ಅದು ಶುರುವಾದ ಕೂಡಲೇ ಹೆಂಡತಿ, ಮಗಳು ಇಬ್ಬರೂ ಎದ್ದು ನಿಂತು, ಗಂಭೀರವಾಗಿ ಬಾಗಿ ನಮಸ್ಕರಿಸಿ, ಮಹಡಿ ಹತ್ತಿ ಬಾಗಿಲು ಹಾಕಿಕೊಳ್ಳುತ್ತಾರೆ!