ಒಂದು ದಿನವೂ ದುಡಿಯದ ಎಂಜಿನ್ ಮಹಾಶಯರ ಸನ್ನಿಧಾನಕ್ಕೆ

ಹೆರಾಲ್ಡ್ ಕಾರಿನ ಬದಲಿ ಎಂಜಿನ್ ಆದ ಶ್ರೀಮಾನ್ ತಮಗೆ, ಹನಕೆರೆಯ ಕೆಂಪಯ್ಯನು ತಲೆಬಾಗಿ, ಸೊಂಟ ಹಿಡಿದ ಕಾರಣ ಅರ್ಧ ಮಾತ್ರ ಬಾಗಿ, ಮಾಡುವ ನಮಸ್ಕಾರಗಳು.

ಮಾನ್ಯರೇ,

ನಾವೆಲ್ಲ ಇಲ್ಲಿ ಒಂದು ತರಹ ಇದ್ದೇವೆ. ತಮ್ಮ ಕ್ಷೇಮ ಸಮಾಚಾರ ಕೇಳುವ ಅಗತ್ಯವಿಲ್ಲ, ಏಕೆಂದರೆ ನಮ್ಮ ಹಜಾರದ ಮೂಲೆಯಲ್ಲಿ ಇಷ್ಟು ವರ್ಷ ಮರದ ಪೆಟ್ಟಿಗೆಯೊಳಗೆ, ಮೇಣದ ಕಾಗದ ಹೊದ್ದು, ಮೈತುಂಬ ಗ್ರೀಸು ಬಳಿದುಕೊಂಡು, ಬಿಸಿಲು ಧೂಳು ಯಾವುದನ್ನೂ ಕಾಣದೆ ತಾವು ಇದ್ದಷ್ಟು ಕ್ಷೇಮವಾಗಿ ಮಂಡ್ಯ ಜಿಲ್ಲೆಯಲ್ಲಿ ಇನ್ನೊಬ್ಬರು ಇದ್ದಿರಲಾರರು. ಈ ಮಾತುಗಳನ್ನು ಮುಖಾಮುಖಿಯಾಗಿಯೇ ಹೇಳಿಬಿಡೋಣವೆಂದು ಕಾರಿನ ಮುಂದೆ ಕೂತಿದ್ದೆ. ನಮ್ಮ ಮನೆಯವಳು ಯಶೋದಮ್ಮ ಅದನ್ನು ಕಂಡು, ಗಂಡನಿಗೆ ತಲೆ ಕೆಟ್ಟಿತೆಂದು ಬೀದಿಗೆಲ್ಲ ಹೇಳಿಕೊಂಡು ಬಂದಳು. ಆದ್ದರಿಂದ ಪೇಪರಿಗೆ ಬರೆಯುತ್ತಿದ್ದೇನೆ. ಪೇಪರಿಗೆ ಬರೆದವನನ್ನು ಯಾರೂ ಹುಚ್ಚ ಎನ್ನುವುದಿಲ್ಲ. ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಅಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ತಮ್ಮ ಹೊಟ್ಟೆಗೆ ಇದುವರೆಗೆ ಒಂದು ತೊಟ್ಟು ಪೆಟ್ರೋಲೂ ಬಿದ್ದಿಲ್ಲ, ಜಾಗ ಬೇಕಾದಷ್ಟಿದೆ.

ಓದುವ ಮಹಾಜನರಿಗೆ ತಮ್ಮ ಪರಿಚಯ ಮಾಡಿಕೊಡಬೇಕು. ನಮ್ಮಪ್ಪ ಮಂಡ್ಯದಲ್ಲಿ ಬೆಲ್ಲದ ಮಂಡಿ ಇಟ್ಟಿದ್ದ ಕಾಲದಲ್ಲಿ ಒಂದು ಹೆರಾಲ್ಡ್ ಕಾರು ತೆಗೆದುಕೊಂಡರು. ಅದರ ಮೂತಿ ಪೂರಾ ಮುಂದಕ್ಕೆ ಮಗುಚಿಕೊಂಡು ತೆರೆಯುತ್ತದೆ, ಮೊಸಳೆ ಆಕಳಿಸಿದ ಹಾಗೆ. ಒಂದು ಸಲ ಅದರ ಎಂಜಿನ್ ಸೀಳು ಬಿಟ್ಟಿತು. ಅಪ್ಪ ಮದರಾಸಿನ ಕಾರ್ಖಾನೆಗೆ ಕಾಗದ ಹಾಕಿ ಬದಲಿ ಎಂಜಿನ್ ತರಿಸಿದರು. ಹಾಗೆ ಬಂದವರು ತಾವು. ತಾವು ಮದರಾಸಿನಿಂದ ರೈಲು ಹತ್ತಿ, ಮದ್ದೂರಿನಲ್ಲಿ ಇಳಿದು, ಎತ್ತಿನ ಗಾಡಿಯಲ್ಲಿ ಹುಲ್ಲಿನ ಮೆತ್ತೆಯ ಮೇಲೆ ಒರಗಿಕೊಂಡು ನಮ್ಮೂರಿಗೆ ದಯಮಾಡಿಸುವಷ್ಟರಲ್ಲಿ, ಮದ್ದೂರಿನ ಮೇಸ್ತ್ರಿಯೊಬ್ಬ ಹಳೇ ಎಂಜಿನ್ನಿಗೆ ಬೆಸುಗೆ ಹಾಕಿ ಓಡಿಸಿಯೂ ಬಿಟ್ಟಿದ್ದ. ಅಪ್ಪ ತಮ್ಮನ್ನು ನೋಡಿ, "ಇರ್ಲಿ ಬುಡು, ಅದು ಕೈ ಕೊಟ್ಟಾಗ ಇದ್ನ ಆಕುಸ್ದ್ರಾಯ್ತು" ಅಂದರು.

ಅದು ಕೈ ಕೊಡಲಿಲ್ಲ ಸ್ವಾಮಿ. ಅಪ್ಪ ಹೋದರು, ಮದರಾಸಿನ ಕಾರ್ಖಾನೆ ಮುಚ್ಚಿತು, ಮದರಾಸಿಗೆ ಮದರಾಸು ಅನ್ನುವ ಹೆಸರೂ ಹೋಯಿತು, ಆ ಬೆಸುಗೆಯ ಎಂಜಿನ್ ಮಾತ್ರ ಓಡುತ್ತಲೇ ಇತ್ತು. ಆಯುಧಪೂಜೆಯ ದಿನ ಅದಕ್ಕೆ ಒಂದು ಬಕೆಟ್ ನೀರು. ಮಲಗಿದ್ದ ತಮಗೆ ವಿಭೂತಿ, ಕುಂಕುಮ, ಸೇವಂತಿಗೆ ಹಾರ, ಬೂದುಗುಂಬಳಕಾಯಿ. ಅದು ಒಂದು ದಿನವಾದರೂ ತಮ್ಮ ಕಡೆ ತಿರುಗಿ ನೋಡಿ ಹೊಟ್ಟೆಕಿಚ್ಚು ಪಟ್ಟಿದ್ದರೆ ಕೇಳಿ.

ಅಪ್ಪ ಹೋದ ಮೇಲೆ ಪಾಲು ಮಾಡಲು ಹಿರಿಯರು ಕೂತರು. ಅವರ ಬುದ್ಧಿಯನ್ನು ನಾನು ಇಂದಿಗೂ ಕೊಂಡಾಡುತ್ತೇನೆ. ಕಾರು ಗಂಡುಮಗನಿಗೆ ಇರಲಿ ಎಂದರು, ಸರಿ. ತಮ್ಮನ್ನು ಕಾರಿನ ಲೆಕ್ಕಕ್ಕೆ ಹಿಡಿಯದೆ, ಭಾರ ನೋಡಿ ಹಂಡೆ ಕೊಪ್ಪರಿಗೆಗಳ ಲೆಕ್ಕಕ್ಕೆ ಹಿಡಿದು, ಮಳವಳ್ಳಿಗೆ ಕೊಟ್ಟಿರುವ ನಮ್ಮಕ್ಕ ದೇವಿರಮ್ಮನ ಪಾಲಿಗೆ ಹಾಕಿದರು. ಕಾರು ನನ್ನದು, ಅದರ ಎಂಜಿನ್ ಅವಳದು. ಹಂಡೆ ಕೊಪ್ಪರಿಗೆ ಮಳವಳ್ಳಿಗೆ ಹೋದವು. ಅಲ್ಲಿ ಜಾಗವಿಲ್ಲವೆಂದು ತಾವು ನಮ್ಮ ಹಜಾರದಲ್ಲೇ ಉಳಿದಿರಿ. ಬಾಡಿಗೆಯನ್ನು ನಾನೂ ಕೇಳಲಿಲ್ಲ, ತಾವೂ ಕೊಡಲಿಲ್ಲ.

ಹೋದ ವರ್ಷ ಅಕ್ಕನನ್ನು ಮಳವಳ್ಳಿಗೆ ಬಿಟ್ಟು ವಾಪಸು ಬರುವಾಗ ಹಳೇ ಎಂಜಿನ್ ರಸ್ತೆಯ ಮಧ್ಯದಲ್ಲೇ ಪ್ರಾಣ ಬಿಟ್ಟಿತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಊರಿಗೆ ಎಳೆಸಿಕೊಂಡು ಬಂದೆ. ಆವತ್ತಿನಿಂದ ಅಕ್ಕ ತವರಿಗೆ ಬಂದಿಲ್ಲ. ಬಸ್ಸಿನ ಮೆಟ್ಟಿಲು ಅವಳ ಮಂಡಿಗೆ ಎಟುಕುವುದಿಲ್ಲ. ಅವಳ ಮಗ ಶಿವರಾಜುವಿನ ಹೊಸ ಕಾರಿನಲ್ಲಿ ಗಾಜು ಏರಿಸಿ ಏಸಿ ಹಾಕಿದರೆ ಮಳವಳ್ಳಿ ದಾಟುವ ಮೊದಲೇ ವಾಂತಿ. ಹೆರಾಲ್ಡಿನ ಸೀಟು ಅವಳು ಹುಡುಗಿಯಾಗಿದ್ದಾಗಿನಿಂದ ಕೂತು ಪಳಗಿಸಿದ ಸೀಟು. ಗಾಜು ಇಳಿಸಿ, ಎಲೆ ಅಡಿಕೆ ಹಾಕಿಕೊಂಡು, ದಾರಿಯುದ್ದಕ್ಕೂ ನನಗೆ ಡ್ರೈವಿಂಗ್ ಹೇಳಿಕೊಡುತ್ತಾ ಬರುವುದು ಅವಳ ಪದ್ಧತಿ. ಹೋದ ಗೌರಿ ಹಬ್ಬಕ್ಕೆ ನಾನೇ ಬಾಗಿನದ ಮೊರಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಕಂಡಕ್ಟರು ಅದಕ್ಕೂ ಲಗೇಜು ಟಿಕೆಟು ಹರಿದ. ಅಕ್ಕ ಬಾಗಿನ ತೆಗೆದುಕೊಂಡು, ಪೋಸ್ಟಿನಲ್ಲಿ ಕಳಿಸಿದ್ದರೆ ನಿನಗೂ ಆಯಾಸ ತಪ್ಪುತ್ತಿತ್ತಲ್ಲ ಎಂದಳು. ಆ ಮಾತು ಇನ್ನೂ ಚುಚ್ಚುತ್ತಿದೆ.

ಆದ್ದರಿಂದ ಮಾನ್ಯರೇ, ಈ ಗೌರಿಗಾದರೂ ತಮ್ಮನ್ನು ಕಾರಿನೊಳಗೆ ಕೂರಿಸಿ ಅಕ್ಕನನ್ನು ಕರೆತರೋಣವೆಂದು ಅವಳ ಒಪ್ಪಿಗೆ ಕೇಳಿದೆ. ಅವಳು ಹೂಂ ಅನ್ನುವ ಮೊದಲು ಶಿವರಾಜು ಅಡ್ಡ ಬಂದ. ಫೋನಿನಲ್ಲಿ ಏನೋ ನೋಡಿದ್ದನಂತೆ. ಕಾರ್ಖಾನೆಯಿಂದ ಬಂದ ಹಾಗೇ ಇರುವ ಇಂಥ ಎಂಜಿನ್ನಿಗೆ ಹಳೇ ಕಾರು ಸಾಕುವವರು ಬಾಯಿ ಬಾಯಿ ಬಿಡುತ್ತಾರಂತೆ. ಮಾರಿದರೆ ಅವ್ವನ ಮನೆಗೆಲ್ಲ ಟೈಲ್ಸು ಹಾಕಿಸಬಹುದಂತೆ. ಅದರ ಮೇಲೆ ಅವ್ವ ಜಾರಿ ಬೀಳುವ ಏರ್ಪಾಡೂ ಸೇರಿಯೇ ಇದೆಯೇನಪ್ಪ ಎಂದು ಕೇಳಿದೆ. ಉತ್ತರದ ಬದಲಿಗೆ ಅವನು ಮೈಸೂರಿನಿಂದ, ಹಳೇ ಕಾರುಗಳಿಗೆ ಬೆಲೆ ಕಟ್ಟುವ ಜಯಪ್ರಕಾಶ್ ಎಂಬವರನ್ನು ಕರೆದುಕೊಂಡು ಬಂದ.

ತಮ್ಮ ಪರೀಕ್ಷೆಯನ್ನು ನಾನು ಕಣ್ಣಾರೆ ಕಂಡೆ, ಜನ್ಮ ಸಾರ್ಥಕವಾಯಿತು. ಹೆಣ್ಣು ನೋಡಲು ಬಂದವರೂ ಅಷ್ಟು ನೋಡುವುದಿಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆಸಿ ಮೊದಲು ಹಲ್ಲು ನೋಡಿದರು. ಬಾಯಿಯ ಹಲ್ಲಲ್ಲ, ಸೆಲ್ಫ್ ಮೋಟಾರು ಬಂದು ಕಚ್ಚುವ ದೊಡ್ಡ ಚಕ್ರದ ಹಲ್ಲು. ಒಂದಕ್ಕೂ ಗೀರಿಲ್ಲ ಎಂದು ಕಣ್ಣರಳಿಸಿದರು. ಬೋಲ್ಟುಗಳ ಮೇಲೆ ಬಣ್ಣ ಒಡೆದಿಲ್ಲ, ಅಂದರೆ ಸ್ಪ್ಯಾನರು ಸೋಕಿಲ್ಲ ಎಂದರು. ಹೊಗೆ ಹೋಗುವ ತೂತಿಗೆ ಬಿಳೀ ಬಟ್ಟೆ ತೂರಿಸಿ ತೆಗೆದು, ಮಸಿ ಇಲ್ಲ, ಬರೀ ಗ್ರೀಸು ಎಂದು ಅದನ್ನು ಪ್ರಸಾದದ ಹಾಗೆ ನಮಗೆಲ್ಲ ತೋರಿಸಿದರು. ಒಬ್ಬರು ಒಂದು ದಿನವೂ ದುಡಿದಿಲ್ಲ ಎಂದು ತಿಳಿಯಲು ಇಷ್ಟೆಲ್ಲ ಸಾಕ್ಷಿ ಬೇಕಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ನಮ್ಮೂರಿನಲ್ಲಿ ಅಂಥವರನ್ನು ಗುರುತಿಸಲು ಅರಳಿಕಟ್ಟೆಯ ಕಡೆ ಒಂದು ಸಲ ನೋಡಿದರೆ ಆಯಿತು. ತಮ್ಮನ್ನು ಒಂದೇ ಒಂದು ಸಲ ಸ್ಟಾರ್ಟು ಮಾಡಿದರೂ ಬೆಲೆ ಬಿದ್ದುಹೋಗುತ್ತದೆ ಎಂದೂ ಅವರು ಎಚ್ಚರಿಸಿದರು. ಅವರು ಹೇಳಿದ ಬೆಲೆಯನ್ನು ಇಲ್ಲಿ ಬರೆಯುವುದಿಲ್ಲ. ಕಳ್ಳರು ಓದುತ್ತಾರೆಂದಲ್ಲ, ನೆಂಟರು ಓದುತ್ತಾರೆ.

ಕೊನೆಗೆ ಟಾರ್ಚು ಬಿಟ್ಟು ನಂಬರು ಹುಡುಕಿದರು. ಕಾರಿನೊಳಗೇ ಕೂತು ಬರುವ ಎಂಜಿನ್ನಿಗೆ ಕಾರ್ಖಾನೆಯವರೇ ನಂಬರು ಹೊಡೆದಿರುತ್ತಾರಂತೆ. ಬದಲಿಗೆಂದು ಬಿಡಿಯಾಗಿ ಕಳಿಸುವ ತಮ್ಮಂಥವರಿಗೆ ಆ ಜಾಗವನ್ನು ನುಣ್ಣಗೆ ಉಜ್ಜಿ ಖಾಲಿ ಬಿಟ್ಟಿರುತ್ತಾರಂತೆ, ಕೊಂಡವನು ಹಳೆಯದರ ನಂಬರನ್ನೇ ಅಲ್ಲಿ ಹೊಡೆಸಿಕೊಳ್ಳಬೇಕಂತೆ. ಆ ಖಾಲಿ ಜಾಗವೇ ತಮ್ಮ ಕುಲಗೋತ್ರಕ್ಕೆಲ್ಲ ಗುರುತು ಎಂದು ಹೇಳುತ್ತಾ ಜಯಪ್ರಕಾಶರು ಸೀಮೆಎಣ್ಣೆಯ ಬಟ್ಟೆಯಿಂದ ಅಲ್ಲಿನ ಗ್ರೀಸು ಒರೆಸಿದರು. ಖಾಲಿ ಇರಬೇಕಾದ ಜಾಗದಲ್ಲಿ ಚುಕ್ಕಿ ಚುಕ್ಕಿಯಾಗಿ ಬರೆದಿತ್ತು: ದೇವಿರಮ್ಮ, ಮಳವಳ್ಳಿ.

ಟಾರ್ಚು ಆರಿಸಿ ಅವರು ನೆಲದ ಮೇಲೆಯೇ ಕೂತುಬಿಟ್ಟರು, ಪಾಪ. ಯಶೋದಮ್ಮ ನೀರು ತಂದುಕೊಟ್ಟಳು.

ಆದದ್ದಿಷ್ಟು. ಪಾಲಾದ ದಿನ, ಮುಂದೆ ಜಗಳ ಬೇಡವೆಂದು, ಪಾತ್ರೆಗೆ ಹೆಸರು ಕೊರೆಯುವವನನ್ನು ಮನೆಗೇ ಕರೆಸಿದ್ದೆವು. ಅಕ್ಕ ತನ್ನ ಪಾಲಿನ ಹಂಡೆ, ಕೊಪ್ಪರಿಗೆ, ಚೊಂಬು, ಲೋಟಕ್ಕೆಲ್ಲ ಹೆಸರು ಹೊಡೆಸಿ, ಇದೂ ನನ್ನದೇ ತಾನೇ ಎಂದು ತಮ್ಮನ್ನೂ ತೋರಿಸಿದ್ದಾಳೆ. ಆ ಪುಣ್ಯಾತ್ಮ ತಮ್ಮ ಒರಟು ಮೈಯೆಲ್ಲ ತಡವಿ, ನುಣುಪಾದ ಜಾಗ ಇರುವುದು ಒಂದೇ ಎಂದು ಕಂಡುಕೊಂಡು, ಅಲ್ಲೇ ಉಳಿ ಇಟ್ಟಿದ್ದಾನೆ. ಮದರಾಸಿನವರು ನಂಬರಿಗೆಂದು ಬಿಟ್ಟ ಜಾಗಕ್ಕೆ ಸ್ನಾನದ ಹಂಡೆಯ ಮರ್ಯಾದೆ ಸಿಕ್ಕಿತು.

ಜಯಪ್ರಕಾಶರು ಚೇತರಿಸಿಕೊಂಡು ಉಪಾಯ ಹೇಳಿದರು. ಅರ ಹಾಕಿ, ಮರಳು ಕಾಗದದಲ್ಲಿ ಉಜ್ಜಿದರೆ ಹೆಸರು ಮಾಯ, ಜಾಗ ಮತ್ತೆ ಖಾಲಿ, ಬೆಲೆ ಮತ್ತೆ ಪೂರ್ತಿ. ಶಿವರಾಜು ಅರ ಹುಡುಕಲು ಎದ್ದೇಬಿಟ್ಟ. ವಸ್ತು ನಿನ್ನದಲ್ಲ, ಮೊದಲು ನಿಮ್ಮವ್ವನನ್ನು ಕೇಳು ಎಂದು ನಾನು ಗದರಿದ ಮೇಲೆ, ಎಲ್ಲರಿಗೂ ಕೇಳಿಸುವ ಹಾಗೆ ಫೋನು ಮಾಡಿದ. ಟೈಲ್ಸಿನ ವಿಷಯವನ್ನು ಬಹಳ ಚೆನ್ನಾಗಿಯೇ ವಿವರಿಸಿದ. ಅಕ್ಕ ಪೂರಾ ಕೇಳಿಸಿಕೊಂಡು ಹೇಳಿದ್ದು ಇಷ್ಟು: "ಬದುಕಿರೋಳ್ ಎಸ್ರುನ್ನ ಅರ ಆಕಿ ಉಜ್ತೀಯೇನ್ಲಾ? ಅದ್ನ ಮಾರ್ಬುಟ್ರೆ ನಿಮ್ಮಾವ ನನ್ನ ಕರ್ಕಂಡೋಗಕ್ಕೆ ಏನ್ಲಾ ತತ್ತಾನೆ, ದುಡ್ಡಿನ್ ಗಂಟಿನ್ ಮ್ಯಾಲೆ ಕೂರುಸ್ಕಂಡ್ ಓಯ್ತಾನಾ?"

ಶಿವರಾಜು ಫೋನು ಜೇಬಿಗೆ ಇಟ್ಟ. ಒಳ್ಳೆಯ ಹುಡುಗ, ಪೆಟ್ಟಿಗೆಯ ಮಿಕ್ಕ ಹಲಗೆಗಳ ಮೊಳೆ ಕೀಳಲು ಅವನೇ ಕೈ ಹಾಕಿದ.

ಮಿಕ್ಕದ್ದು ತಮಗೆ ಗೊತ್ತು. ಮದ್ದೂರಿನ ಮೆಕ್ಯಾನಿಕ್ ಅಪ್ಪು ಬಂದು ತಮ್ಮನ್ನು ಸರಪಳಿಯಲ್ಲಿ ತೂಗಿ ಕಾರಿನ ಮೂತಿಯೊಳಗೆ ಇಳಿಸಿದ್ದಾನೆ. ಒಳಗೆಲ್ಲ ಎಣ್ಣೆ ಬಿಟ್ಟು ನೆನೆಸಿ, ಕೈಯಲ್ಲಿ ತಿರುಗಿಸಿ ನೋಡಿದ್ದಾನೆ. ತಿರುಗುತ್ತೆ, ಆದರೆ ಇಷ್ಟು ವರ್ಷ ಮಲಗಿದ್ದದ್ದು ಹತ್ತಿಕೊಳ್ಳುತ್ತೋ ಇಲ್ಲವೋ ನಾನು ಹೇಳಲಾರೆ ಎಂದು ಕೈ ಒರೆಸಿಕೊಂಡಿದ್ದಾನೆ. ನಾಳೆ ಬೆಳಿಗ್ಗೆ ಸೆಲ್ಫ್ ಹೊಡೆಯುವುದು. ನಾಡಿದ್ದು ಗೌರಿ ಹಬ್ಬ.

ಈಗ ನನ್ನ ಕೋರಿಕೆಗಳು. ತಾವು ನಾಳೆ ಎದ್ದೇಳಬೇಕು. ಎದ್ದ ಮೇಲೆ ಮಳವಳ್ಳಿಯವರೆಗೆ ಕುದಿಯಬಾರದು. ಅಕ್ಕನ ಅಂಗಳದ ರಂಗೋಲಿಯ ಮೇಲೆ ಎಣ್ಣೆ ತೊಟ್ಟಿಕ್ಕಬಾರದು. ಪೆಟ್ರೋಲನ್ನು ಕುಡಿಯದೆ, ಬರೀ ವಾಸನೆ ನೋಡಿ ತೃಪ್ತರಾಗುವ ಅಭ್ಯಾಸ ಮಾಡಿಕೊಳ್ಳಬೇಕು. ಬರುವಾಗ ಅಕ್ಕ ಜೋರಾಗಿ ಓಡಿಸು ಅಂದರೆ ಅವಳಿಗೆ ಜೋರಾಗಿ ಕಾಣಬೇಕು, ನನಗೆ ನಿಧಾನವಾಗಿ ಇರಬೇಕು. ನಾನು ಅವಳಿಗೆ ತಿರುಗಿ ಹೇಳುವ ಮಾತು ಅವಳಿಗೆ ಕೇಳದಷ್ಟು ಸದ್ದು ಮಾಡಬೇಕು, ಆ ಸದ್ದಿನಿಂದ ಅವಳಿಗೆ ತಲೆನೋವು ಬರಬಾರದು.

ತಾವು ಏಳದಿದ್ದರೆ ಏನಾಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಪೆಟ್ಟಿಗೆಯಿಂದ ತೆಗೆದು ಸ್ಪ್ಯಾನರು ಸೋಕಿಸಿದ್ದಾಯಿತು, ಆ ಬೆಲೆ ಇನ್ನು ಹುಟ್ಟುವುದಿಲ್ಲ. ಕಾರೂ ಇಲ್ಲ, ದುಡ್ಡೂ ಇಲ್ಲ. ಅದು ಹಾಳಾಗಿ ಹೋಗಲಿ. ಅಕ್ಕ ಈಗಾಗಲೇ ಬ್ಯಾಗು ತುಂಬಿಟ್ಟಿದ್ದಾಳಂತೆ. ನಾಡಿದ್ದು ಬೆಳಗಾಗುತ್ತಲೇ ಜಗಲಿಯ ಮೇಲೆ ಬಂದು ಕೂರುತ್ತಾಳೆ, ಅವಳನ್ನು ಬಲ್ಲೆ. ಅವಳು ನನಗಿಂತ ದೊಡ್ಡವಳು. ಇನ್ನೆಷ್ಟು ಗೌರಿ ಹಬ್ಬ ಎಂದು ಲೆಕ್ಕ ಹಾಕುವುದು ನನಗೆ ಇಷ್ಟವಿಲ್ಲ. ಇನ್ನೊಂದು ಸಲ ಮೊರ ತಬ್ಬಿಕೊಂಡು ಬಸ್ಸಿನಿಂದ ಇಳಿದು ಅವಳ ಮುಂದೆ ನಿಲ್ಲುವುದು ನನ್ನಿಂದ ಆಗುವ ಕೆಲಸವಲ್ಲ.

ವಿಶ್ವಾಸವಿಡದೆ ಬೇರೆ ಗತಿಯಿಲ್ಲದ,
ತಮ್ಮ ವಿಶ್ವಾಸಿ,
ಕೆಂಪಯ್ಯ, ಹನಕೆರೆ

ತಾ.ಕ.: ಈ ಪತ್ರಕ್ಕೆ ಉತ್ತರ ಬರೆಯುವ ಶ್ರಮ ತೆಗೆದುಕೊಳ್ಳಬೇಡಿ, ಶ್ರಮ ತಮಗೆ ಅಭ್ಯಾಸವಿಲ್ಲ. ನಾಳೆ ಅಪ್ಪು ಸೆಲ್ಫ್ ಹೊಡೆದಾಗ ಒಂದೇ ಒಂದು ಸಲ ಕೆಮ್ಮಿ. ಮಿಕ್ಕದ್ದನ್ನು ನಾನು ಬೈದು ಮಾಡಿಸಿಕೊಳ್ಳುತ್ತೇನೆ.